ಮೂರು ಕಡೆ ಬರೆದ ಒಂದೇ ಲೆಕ್ಕ



ನಿಮ್ಮ ಶಾಲೆಯ ವೇಳಾಪಟ್ಟಿಯನ್ನು ಎಷ್ಟು ಕಡೆ ಅಂಟಿಸಿದ್ದಾರೆ, ಗಮನಿಸಿದ್ದೀರಾ? ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಒಂದು, ಶಿಕ್ಷಕರ ಕೊಠಡಿಯಲ್ಲಿ ಒಂದು, ನಿಮ್ಮ ತರಗತಿಯ ಗೋಡೆಯ ಮೇಲೆ ಇನ್ನೊಂದು. ಬುಧವಾರದ ಮೂರನೆಯ ಅವಧಿ ಗಣಿತದಿಂದ ವಿಜ್ಞಾನಕ್ಕೆ ಬದಲಾಯಿತು ಎಂದುಕೊಳ್ಳಿ. ಎರಡು ಕಡೆ ತಿದ್ದಿ ಮೂರನೆಯದನ್ನು ಮರೆತರೆ ಏನಾಗುತ್ತದೆ? ನೀವು ಗಣಿತದ ಪುಸ್ತಕ ತೆಗೆದು ಕುಳಿತಿರುತ್ತೀರಿ. ವಿಜ್ಞಾನದ ಮೇಷ್ಟ್ರು ಬಾಗಿಲಲ್ಲಿ ನಿಂತಿರುತ್ತಾರೆ!

ಇಂಥದೇ ಒಂದು ಮರೆವಿನಿಂದ ಕಳೆದ ಬೇಸಿಗೆ ರಜೆಯಲ್ಲಿ ನಾನು ಅಕ್ಕನ ಮಗಳ ಕಣ್ಣಲ್ಲಿ ನೀರು ತರಿಸಿದೆ. ತಪ್ಪು ಪೂರ್ತಿ ನನ್ನದೇ. ಅದರಿಂದ ಕಲಿತ ಪಾಠವನ್ನು ನಿಮಗೆ ಹೇಳಬೇಕೆನಿಸಿದೆ.

ಡಬ್ಬಿಯೊಳಗಿನ ಅಜ್ಜ

2009ರಲ್ಲಿ ನಮ್ಮ ಭಾವ ಮಸ್ಕತ್‌ನಿಂದ ಬರುವಾಗ ಮಗನಿಗೆಂದು ಒಂದು ಹಳೆಯ ಗೇಮ್ ಬಾಯ್ ತಂದಿದ್ದರು. ಜಪಾನಿನ ನಿಂಟೆಂಡೊ ಕಂಪನಿ 1989ರಲ್ಲಿ ಹೊರತಂದ ಕೈಯಲ್ಲಿ ಹಿಡಿದು ಆಡುವ ಯಂತ್ರ ಅದು. ಅದಕ್ಕೆ ಸಿಕ್ಕಿಸುವ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಡಬ್ಬಿಗೆ ಕಾರ್ಟ್ರಿಜ್ ಎನ್ನುತ್ತಾರೆ. ಒಂದು ಕಾರ್ಟ್ರಿಜ್ ಎಂದರೆ ಒಂದು ಆಟ. ಇವರ ಬಳಿ ಇದ್ದದ್ದು ‘ಪೋಕೆಮಾನ್ ರೆಡ್’. ಜಪಾನಿನಲ್ಲಿ 1996ರಲ್ಲಿ ಬಂದು, 1998ರಲ್ಲಿ ಇಂಗ್ಲಿಷಿನಲ್ಲಿ ಬಂದ ಆಟ. ಊರೂರು ಸುತ್ತಿ, ವಿಚಿತ್ರ ಪ್ರಾಣಿಗಳನ್ನು ಹಿಡಿದು, ಸಾಕಿ, ಪಳಗಿಸುವುದು ಇದರ ಸ್ವಾರಸ್ಯ.

ಆಗ ನಮ್ಮ ಅಪ್ಪ ಇದ್ದರು. ಮೊಮ್ಮಗ ಆಡುವಾಗ ಪಕ್ಕದಲ್ಲಿ ಕುಳಿತು, ಕನ್ನಡಕ ಸರಿಮಾಡಿಕೊಂಡು, "ಆ ಕಡೆ ಹೋಗಬೇಡವೋ, ಅಲ್ಲಿ ಹಾವಿದೆ" ಎನ್ನುತ್ತಿದ್ದರು. ಆ ಆಟದಲ್ಲಿ ಹಿಡಿದ ಪ್ರಾಣಿಗೆ ನಾವೇ ಹೆಸರಿಡಬಹುದು. ನಿಧಾನವಾಗಿ ನಡೆಯುವ, ಆದರೆ ಸುಲಭಕ್ಕೆ ಸೋಲದ ಒಂದು ಪ್ರಾಣಿಗೆ ಹುಡುಗ ಇಂಗ್ಲಿಷ್ ಅಕ್ಷರಗಳಲ್ಲಿ ‘ಅಜ್ಜ’ ಎಂದೇ ಹೆಸರಿಟ್ಟಿದ್ದ.

ಈಗ ಅಪ್ಪ ಇಲ್ಲ. ಹುಡುಗ ಕೆಲಸಕ್ಕೆಂದು ಬೇರೆ ಊರು ಸೇರಿದ್ದಾನೆ. ಹೋಗುವಾಗ ಗೇಮ್ ಬಾಯನ್ನು ತಂಗಿಯ ಕೈಗೆ ಕೊಟ್ಟು, "ನೀನೂ ಆಡು, ಅಜ್ಜನನ್ನು ಮಾತ್ರ ಕಳೆಯಬೇಡ" ಎಂದಿದ್ದ.

ಆದರೆ ಒಂದು ತೊಂದರೆ ಇತ್ತು. ಆ ಕಾರ್ಟ್ರಿಜ್‌ನಲ್ಲಿ ಆಟದ ನೆನಪು ಉಳಿಯುವುದು ವಿದ್ಯುತ್ ಇರುವವರೆಗೆ ಮಾತ್ರ ಕೆಲಸ ಮಾಡುವ ಬಗೆಯ ಚಿಪ್‌ನಲ್ಲಿ. ಯಂತ್ರ ಆರಿಸಿದಾಗ ಅದಕ್ಕೆ ವಿದ್ಯುತ್ ಕೊಡಲು ಒಳಗೆ ಗುಂಡಿಯಂಥ 3 ವೋಲ್ಟಿನ ಲಿಥಿಯಂ ಕೋಶವೊಂದನ್ನು ಬೆಸುಗೆ ಹಾಕಿರುತ್ತಾರೆ. ಕೋಶ ಮುಗಿದ ದಿನ ನೆನಪೂ ಮುಗಿಯಿತು! ಎರಡು ದಶಕ ದಾಟಿದ ಕೋಶವನ್ನು ಎಷ್ಟು ದಿನ ನಂಬುವುದು?

ರಜೆಗೆ ಬಂದವಳು ಕಾರ್ಟ್ರಿಜ್ ಅನ್ನು ನನ್ನ ಮುಂದಿಟ್ಟು, "ಮಾವ, ಇದನ್ನು ಉಳಿಸಿಕೊಡ್ತೀರಾ?" ಎಂದು ಕೇಳಿದಳು.

32,768 ಗೂಡುಗಳು

ಕಾರ್ಟ್ರಿಜ್ ಓದುವ ಒಂದು ಸಣ್ಣ ಸಾಧನವನ್ನು ತರಿಸಿ ಕಂಪ್ಯೂಟರಿಗೆ ಜೋಡಿಸಿದೆ. ಆಟದ ನೆನಪು ಒಂದು ಕಡತವಾಗಿ ಇಳಿಯಿತು. ಹಳೆಯ ಕೋಶ ತೆಗೆದು ಹೊಸದನ್ನು ಹಾಕಿ, ಕಡತವನ್ನು ಮತ್ತೆ ಕಾರ್ಟ್ರಿಜ್‌ಗೆ ಏರಿಸಿದೆ. ಅಜ್ಜ ಕ್ಷೇಮವಾಗಿದ್ದರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಕಡತ ಕೈಯಲ್ಲಿರುವಾಗ ಒಳಗೇನಿದೆ ಎಂದು ನೋಡದೆ ಇರುವುದುಂಟೇ?

ಆ ಕಡತದಲ್ಲಿ 32,768 ಬೈಟ್‌ಗಳಿವೆ. ಒಂದು ಬೈಟ್ ಎಂದರೆ ಒಂದು ಗೂಡು ಎಂದುಕೊಳ್ಳಿ. ಪ್ರತಿ ಗೂಡಿನಲ್ಲೂ 0ಯಿಂದ 255ರವರೆಗಿನ ಒಂದು ಸಂಖ್ಯೆ ಇರುತ್ತದೆ. ಗೂಡುಗಳನ್ನು 0ಯಿಂದ ಎಣಿಸಿದರೆ 9,715ನೆಯ ಗೂಡಿನಿಂದ ಮೂರು ಗೂಡುಗಳಲ್ಲಿ ಆಟಗಾರನ ಹಣ ಇರುತ್ತದೆ. ಒಂದೊಂದು ಗೂಡಿನಲ್ಲಿ ಎರಡೆರಡು ಅಂಕಿ. ಆಟದ ಆರಂಭದಲ್ಲಿ 3000 ಹಣ ಕೊಡುತ್ತಾರೆ. ಅದು 00, 30, 00 ಎಂದು ಮೂರು ಗೂಡುಗಳಲ್ಲಿ ಕುಳಿತಿರುತ್ತದೆ. ಮೂರು ಗೂಡಿಗೆ ಆರೇ ಅಂಕಿ. ಹಾಗಾಗಿ ಆಟದಲ್ಲಿ ಯಾರೂ 9,99,999ಕ್ಕಿಂತ ಹೆಚ್ಚು ಸಿರಿವಂತರಾಗಲು ಸಾಧ್ಯವಿಲ್ಲ!

ಅಕ್ಷರಗಳೂ ಸಂಖ್ಯೆಗಳೇ. ಈ ಆಟದಲ್ಲಿ ಇಂಗ್ಲಿಷಿನ ‘ಎ’ಗೆ 128, ‘ಬಿ’ಗೆ 129, ಹೀಗೆ ಸಾಲಾಗಿ. ಹೆಸರು ಮುಗಿಯಿತು ಎನ್ನಲು 80. ‘ಎ, ಜೆ, ಜೆ, ಎ’ ಎಂಬ ನಾಲ್ಕು ಅಕ್ಷರಗಳ ಅಜ್ಜ 128, 137, 137, 128, 80 ಎಂದು ಕಡತದಲ್ಲಿ ಮಲಗಿದ್ದರು. ಅದನ್ನು ಹುಡುಕಿ ತೋರಿಸಿದಾಗ ಅವಳ ಮುಖ ಅರಳಿತು.

"ಮಾವ, ಹಣ ಜಾಸ್ತಿ ಮಾಡೋಕಾಗುತ್ತಾ?" ಅವಳ ಮುಂದಿನ ಪ್ರಶ್ನೆ.

ಹೀಗೆ ಆಟದ ಕಡತವನ್ನು ತೆರೆದು ತಿದ್ದುವ ತಂತ್ರಾಂಶಕ್ಕೆ ‘ಸೇವ್ ಎಡಿಟರ್’ ಎನ್ನುತ್ತಾರೆ. ಪೈಥಾನ್ ಭಾಷೆಯಲ್ಲಿ ಅಂಥದೊಂದನ್ನು ಬರೆಯಲು ಅಂದು ರಾತ್ರಿಯೇ ಕುಳಿತೆ.

ಕಾವಲುಗಾರ ಸಂಖ್ಯೆ

ಸುಮ್ಮನೆ ಹಣದ ಗೂಡು ತಿದ್ದಿದರೆ ಸಾಲದು. ಈ ಆಟಕ್ಕೆ ಒಬ್ಬ ಕಾವಲುಗಾರನಿದ್ದಾನೆ. ಅವನ ಹೆಸರು ಚೆಕ್‌ಸಮ್. ಆಟವು ನೆನಪನ್ನು ಉಳಿಸುವಾಗ 9,624ನೆಯ ಗೂಡಿನಿಂದ 13,602ನೆಯ ಗೂಡಿನವರೆಗೆ, ಅಂದರೆ 3,979 ಗೂಡುಗಳ ಸಂಖ್ಯೆಗಳನ್ನು 255ರಿಂದ ಒಂದೊಂದಾಗಿ ಕಳೆಯುತ್ತದೆ. ಸೊನ್ನೆಗಿಂತ ಕಡಿಮೆಯಾದಾಗಲೆಲ್ಲ 256 ಕೂಡಿಸುತ್ತದೆ. ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಿದರೆ 1 ಆದ ಮೇಲೆ 12 ಬರುವುದಿಲ್ಲವೇ, ಹಾಗೆ. ಕೊನೆಗೆ ಉಳಿದ ಸಂಖ್ಯೆಯನ್ನು 13,603ನೆಯ ಗೂಡಿನಲ್ಲಿ ಇಡುತ್ತದೆ.

ಮುಂದಿನ ಸಲ ಆಟ ಶುರುಮಾಡಿದಾಗ ಅದೇ ಲೆಕ್ಕವನ್ನು ಮತ್ತೆ ಮಾಡಿ ನೋಡುತ್ತದೆ. ಉತ್ತರ ತಾಳೆಯಾದರೆ ಸರಿ. ಇಲ್ಲದಿದ್ದರೆ ‘ಕಡತ ನಾಶವಾಗಿದೆ’ ಎಂಬ ಅರ್ಥದ ಸಂದೇಶ ತೋರಿಸಿ, ಹೊಸ ಆಟ ಆರಂಭಿಸಲು ಮಾತ್ರ ಬಿಡುತ್ತದೆ. ಆದ್ದರಿಂದ ನನ್ನ ಎಡಿಟರ್ ಯಾವ ಗೂಡು ತಿದ್ದಿದರೂ ಈ ಲೆಕ್ಕವನ್ನು ಹೊಸದಾಗಿ ಮಾಡಿ ಕಾವಲುಗಾರನ ಗೂಡಿನಲ್ಲಿ ಇಡಲೇಬೇಕು.

ಮೊದಲು ಹಣ ತಿದ್ದುವ ಭಾಗ ಬರೆದೆ. ಅದರ ಕೊನೆಯಲ್ಲಿ ಚೆಕ್‌ಸಮ್ ಲೆಕ್ಕದ ಸಾಲುಗಳನ್ನು ಬರೆದೆ. ಆಮೇಲೆ ಆಟಗಾರನ ಹೆಸರು ತಿದ್ದುವ ಭಾಗ. ಅಲ್ಲಿಗೂ ಅದೇ ಸಾಲುಗಳು ಬೇಕಲ್ಲ, ನಕಲು ಮಾಡಿ ಅಂಟಿಸಿದೆ. ನಂತರ ಚೀಲದಲ್ಲಿರುವ ವಸ್ತುಗಳನ್ನು ತಿದ್ದುವ ಭಾಗ. ಮತ್ತೆ ನಕಲು, ಮತ್ತೆ ಅಂಟು. ಒಂದೇ ಲೆಕ್ಕ, ಮೂರು ಕಡೆ. ಕೆಲಸ ನಡೆಯುತ್ತಿತ್ತಲ್ಲ, ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಊಟದ ಕರೆ ಮತ್ತು ಮರೆವು

ಆ ಮೂರೂ ಕಡೆ ಒಂದು ಸಣ್ಣ ತಪ್ಪು ಅಡಗಿತ್ತು. ‘ಇಷ್ಟರಿಂದ ಇಷ್ಟರವರೆಗೆ’ ಎಂದು ಎಣಿಸಲು ಪೈಥಾನ್‌ಗೆ ಹೇಳುವಾಗ, ಕೊನೆಯಲ್ಲಿ ಬರೆದ ಸಂಖ್ಯೆಯನ್ನು ಅದು ಬಿಟ್ಟುಬಿಡುತ್ತದೆ. 13,602ರವರೆಗೆ ಬೇಕಿದ್ದರೆ 13,603 ಎಂದು ಬರೆಯಬೇಕು. ನಾನು 13,602 ಎಂದೇ ಬರೆದಿದ್ದೆ. ಹಾಗಾಗಿ ಕೊನೆಯ ಒಂದು ಗೂಡು ಲೆಕ್ಕದಿಂದ ತಪ್ಪಿಹೋಗಿತ್ತು.

ಹಾಗಿದ್ದರೂ ಮೊದಲ ದಿನ ಎಲ್ಲವೂ ಸರಿಯಾಗಿಯೇ ನಡೆಯಿತು! ಏಕೆ ಗೊತ್ತೇ? ಆ ಕೊನೆಯ ಗೂಡಿನಲ್ಲಿ ಇರುವುದು ಪರದೆಯ ಮೇಲೆ ನೀರು, ಹೂವು ಅಲುಗಾಡಬೇಕೇ ಬೇಡವೇ ಎಂಬ ಸೂಚನೆ. ಆಟಗಾರ ಮನೆಯೊಳಗಿದ್ದಾಗ ಅಲ್ಲಿ 0. ಹೊರಗೆ ಊರಿನಲ್ಲಿ, ಬಯಲಿನಲ್ಲಿ ಇದ್ದಾಗ 2. ಅವಳು ಅಂದು ಆಟವನ್ನು ಮನೆಯೊಳಗೆ ನಿಲ್ಲಿಸಿದ್ದಳು. ಸೊನ್ನೆಯನ್ನು ಕಳೆದರೇನು, ಬಿಟ್ಟರೇನು? ಉತ್ತರ ಒಂದೇ. ತಪ್ಪು ಇತ್ತು, ಆದರೆ ಸೊನ್ನೆಯ ಹಿಂದೆ ಅಡಗಿಕೊಂಡಿತ್ತು.

ಎರಡು ದಿನದ ಮೇಲೆ ಬರೆದದ್ದನ್ನು ಓದುತ್ತಿದ್ದಾಗ ತಪ್ಪು ನನ್ನ ಕಣ್ಣಿಗೆ ಬಿತ್ತು. ಹಣದ ಭಾಗದಲ್ಲಿ ತಿದ್ದಿದೆ. ಹೆಸರಿನ ಭಾಗದಲ್ಲಿ ತಿದ್ದಿದೆ. ಅಷ್ಟರಲ್ಲಿ ಒಳಗಿನಿಂದ "ಊಟಕ್ಕೆ ಬನ್ನಿ, ತಣ್ಣಗಾಗ್ತಿದೆ" ಎಂದು ಕರೆ ಬಂತು. ಎದ್ದು ಹೋದೆ. ಚೀಲದ ಭಾಗ ಹಾಗೆಯೇ ಉಳಿಯಿತು.

ಮುಂದಿನ ಭಾನುವಾರ ಅವಳು ಆಟವನ್ನು ಬಯಲಿನಲ್ಲಿ ನಿಲ್ಲಿಸಿ ಬಂದಳು. ಚೀಲದ ವಸ್ತುವೊಂದರ ಸಂಖ್ಯೆ ಹೆಚ್ಚಿಸಬೇಕಿತ್ತು. ತಿದ್ದಿದೆ. ಹಳೆಯ ಕಡತದ ಮೇಲೆಯೇ ಹೊಸದನ್ನು ಉಳಿಸಿದೆ. ಅದು ನನ್ನ ಎರಡನೆಯ ತಪ್ಪು. ಕಾರ್ಟ್ರಿಜ್‌ಗೆ ಏರಿಸಿದೆ. ಅವಳು ಯಂತ್ರ ಚಾಲೂ ಮಾಡಿದಳು.

ಪರದೆಯ ಮೇಲೆ ಕಡತ ನಾಶವಾದ ಸಂದೇಶ. ಕೆಳಗೆ ‘ಹೊಸ ಆಟ’.

ಅವಳು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ಮಾವ, ಅಜ್ಜ ಹೋದ್ರಾ?" ಎಂದಳು.

ಅವಳ ಹೆಬ್ಬೆರಳು ಗುಂಡಿಯ ಮೇಲಿತ್ತು. "ಒತ್ತಬೇಡ!" ಎಂದು ಕೂಗಿದೆ. ಹೊಸ ಆಟ ಶುರುಮಾಡಿ ಒಮ್ಮೆ ಉಳಿಸಿದ್ದರೆ ಹಳೆಯದರ ಮೇಲೆ ಹೊಸದು ಬಿದ್ದು ನಿಜವಾಗಿಯೂ ಎಲ್ಲ ಅಳಿಸಿಹೋಗುತ್ತಿತ್ತು.

ಯಂತ್ರ ಆರಿಸಿ, ಕಡತವನ್ನು ಮತ್ತೆ ಕಂಪ್ಯೂಟರಿಗೆ ಇಳಿಸಿದೆ. 128, 137, 137, 128, 80 ಅಲ್ಲೇ ಇತ್ತು. ಅಜ್ಜ ಎಲ್ಲಿಗೂ ಹೋಗಿರಲಿಲ್ಲ. ಕಾವಲುಗಾರನ ಗೂಡಿನಲ್ಲಿದ್ದ ಸಂಖ್ಯೆ ಮಾತ್ರ ಇರಬೇಕಾದದ್ದಕ್ಕಿಂತ 2 ಹೆಚ್ಚು. ಬಿಟ್ಟುಹೋದ ಕೊನೆಯ ಗೂಡಿನ ಅದೇ 2! ಅದನ್ನು ಸರಿಮಾಡಿ ಕಾರ್ಟ್ರಿಜ್‌ಗೆ ಏರಿಸಿದೆ. ಆಟ ಬಯಲಿನಲ್ಲಿ, ಅವಳು ನಿಲ್ಲಿಸಿದ ಜಾಗದಲ್ಲೇ ತೆರೆದುಕೊಂಡಿತು. ಅವಳು ಕಣ್ಣೊರೆಸಿಕೊಂಡು ನಕ್ಕಳು. ನನಗೆ ಮಾತ್ರ ನಗಲಾಗಲಿಲ್ಲ.

ಉತ್ತರ ಅದೇ, ರೂಪ ಬೇರೆ

ಮೂರನೆಯ ಜಾಗದಲ್ಲಿ 13,602 ಅನ್ನು 13,603 ಮಾಡಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ನಾಳೆ ನಾಲ್ಕನೆಯ ನಕಲು ಬರುತ್ತದೆ, ಮತ್ತೆ ಯಾರೋ ಊಟಕ್ಕೆ ಕರೆಯುತ್ತಾರೆ! ತಪ್ಪು ಒಂದು ಅಂಕಿಯಲ್ಲಿ ಮಾತ್ರ ಇರಲಿಲ್ಲ. ಒಂದೇ ವಿಷಯವನ್ನು ಮೂರು ಕಡೆ ಬರೆದ ರೀತಿಯಲ್ಲೇ ಇತ್ತು. ಎಡಿಟರ್ ಅನ್ನು ಪೂರ್ತಿ ಶುಚಿಗೊಳಿಸಲು ನಿರ್ಧರಿಸಿದೆ.

ತಂತ್ರಾಂಶ ಮಾಡುವ ಕೆಲಸವನ್ನು ಬದಲಿಸದೆ, ಅದನ್ನು ಬರೆದ ರೀತಿಯನ್ನು ಮಾತ್ರ ಉತ್ತಮಗೊಳಿಸುವುದಕ್ಕೆ ‘ರಿಫ್ಯಾಕ್ಟರಿಂಗ್’ ಎಂದು ಹೆಸರು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಒಪ್‌ಡೈಕ್ ಎಂಬುವರು 1992ರಲ್ಲಿ ಈ ವಿಷಯದ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದರು. 1999ರಲ್ಲಿ ಮಾರ್ಟಿನ್ ಫೌಲರ್ ಇದೇ ಹೆಸರಿನ ಪುಸ್ತಕ ಪ್ರಕಟಿಸಿದ ಮೇಲೆ ಇದು ಹೆಚ್ಚು ಜನರಿಗೆ ತಿಳಿಯಿತು.

ನಿಮಗೂ ಇದು ಹೊಸದಲ್ಲ. ಗಣಿತದಲ್ಲಿ 5 × 7 + 5 × 3 ಎಂಬುದನ್ನು 5 × (7 + 3) ಎಂದು ಬರೆಯುತ್ತೀರಿ. ಎರಡರ ಬೆಲೆಯೂ 50. ಆದರೆ ಮೊದಲನೆಯದರಲ್ಲಿ 5 ಎರಡು ಕಡೆ ಇದೆ, ಎರಡನೆಯದರಲ್ಲಿ ಒಂದೇ ಕಡೆ. ನಾಳೆ 5ರ ಬದಲು 6 ಬೇಕಾದರೆ ಯಾವುದನ್ನು ತಿದ್ದುವುದು ಸುಲಭ?

ಶುಚಿ ಮಾಡಿದ ಬಗೆ

ಮೊದಲ ಕೆಲಸ, ಮೂಲ ಕಡತದ ಪ್ರತಿಯೊಂದನ್ನು ಬೇರೆ ಕಡೆ ತೆಗೆದಿಟ್ಟೆ. ಇನ್ನು ಮುಂದೆ ಪ್ರಯೋಗವೆಲ್ಲ ನಕಲಿನ ಮೇಲೆ ಮಾತ್ರ.

ಎರಡನೆಯದಾಗಿ, ಒಂದು ಸಾಲನ್ನೂ ಮುಟ್ಟುವ ಮೊದಲು ಮೂರು ಪರೀಕ್ಷೆಗಳನ್ನು ಸಿದ್ಧಪಡಿಸಿದೆ. ಏನನ್ನೂ ತಿದ್ದದೆ ಕಡತ ತೆರೆದು ಉಳಿಸಿದರೆ 32,768 ಗೂಡುಗಳೂ ಇದ್ದಂತೆಯೇ ಇರಬೇಕು. ಆಟದ ಆರಂಭದ ಕಡತ ಓದಿದರೆ ಹಣ 3000 ಎಂದೇ ಬರಬೇಕು. ಮನೆಯೊಳಗೆ ಉಳಿಸಿದ ಒಂದು ಕಡತ, ಬಯಲಿನಲ್ಲಿ ಉಳಿಸಿದ ಇನ್ನೊಂದು ಕಡತ, ಎರಡರಲ್ಲೂ ನಾನು ಮಾಡಿದ ಚೆಕ್‌ಸಮ್ ಆಟವೇ ಬರೆದಿಟ್ಟ ಸಂಖ್ಯೆಗೆ ಸಮನಾಗಿರಬೇಕು. ಈ ಮೂರನೆಯ ಪರೀಕ್ಷೆ ಮೊದಲ ದಿನವೇ ಇದ್ದಿದ್ದರೆ! ತಪ್ಪು ಆ ರಾತ್ರಿಯೇ ಸಿಕ್ಕಿಬೀಳುತ್ತಿತ್ತು.

ಮೂರನೆಯದಾಗಿ, ಚೆಕ್‌ಸಮ್ ಲೆಕ್ಕವನ್ನು ಒಂದೇ ಕಡೆ ಬರೆದು ಅದಕ್ಕೊಂದು ಹೆಸರಿಟ್ಟೆ. ಇಂಥ ಹೆಸರಿಟ್ಟ ತುಂಡಿಗೆ ಫಂಕ್ಷನ್ ಎನ್ನುತ್ತಾರೆ. ಹಣ, ಹೆಸರು, ಚೀಲ ಮೂರೂ ಭಾಗಗಳು ಈಗ ಆ ಹೆಸರನ್ನು ಕರೆಯುತ್ತವೆ, ಅಷ್ಟೆ. ಪರೀಕ್ಷೆ ನಡೆಸಿದೆ. ಮೂರೂ ಪಾಸು.

ನಾಲ್ಕನೆಯದಾಗಿ, ಅಲ್ಲಲ್ಲಿ ಚೆಲ್ಲಿದ್ದ 9,624, 9,715, 13,603 ಮುಂತಾದ ಸಂಖ್ಯೆಗಳಿಗೆ ‘ಲೆಕ್ಕದ ಆರಂಭ’, ‘ಹಣದ ಜಾಗ’, ‘ಕಾವಲುಗಾರನ ಜಾಗ’ ಎಂಬ ಅರ್ಥ ಬರುವ ಹೆಸರುಗಳನ್ನು ಕೊಟ್ಟೆ. ಪರೀಕ್ಷೆ ನಡೆಸಿದೆ. ಹಣದ ಪರೀಕ್ಷೆ ಫೇಲು! ನೋಡಿದರೆ 9,715ರ ಬದಲು ಕೈತಪ್ಪಿ 9,751 ಎಂದು ಬರೆದಿದ್ದೆ. ಬದಲಿಸಿದ್ದು ಕೆಲವೇ ಸಾಲು, ಆದ್ದರಿಂದ ತಪ್ಪು ಎರಡು ನಿಮಿಷದಲ್ಲಿ ಸಿಕ್ಕಿತು. ಇಡೀ ಎಡಿಟರ್ ಅನ್ನು ಒಂದೇ ರಾತ್ರಿ ಅದಲುಬದಲು ಮಾಡಿ ಕೊನೆಯಲ್ಲಿ ಪರೀಕ್ಷಿಸಿದ್ದರೆ ಎಲ್ಲಿ ಹುಡುಕುವುದು? ಸಣ್ಣ ಹೆಜ್ಜೆ, ಪ್ರತಿ ಹೆಜ್ಜೆಗೂ ಪರೀಕ್ಷೆ. ಇದೇ ಗುಟ್ಟು.

ಶುಚಿ ಮಾಡುವಾಗ ಇನ್ನೊಂದು ಹಳೆಯ ತಪ್ಪೂ ಕಾಣಿಸಿತು. ಆಟದಲ್ಲಿ ಆಟಗಾರನ ಹೆಸರಿಗೆ 7 ಅಕ್ಷರಗಳ ಮಿತಿ ಇದೆ. ನನ್ನ ಎಡಿಟರ್ ಎಷ್ಟು ಉದ್ದದ ಹೆಸರನ್ನಾದರೂ ತೆಗೆದುಕೊಳ್ಳುತ್ತಿತ್ತು. ಅದನ್ನು ಕೂಡಲೇ ಸರಿಮಾಡಬೇಕೆಂದು ಕೈ ತುರಿಸಿತು. ಆದರೆ ಪುಸ್ತಕದಲ್ಲಿ ಗುರುತು ಹಾಕಿಕೊಂಡು ಮುಂದೆ ಹೋದೆ. ಕಪಾಟು ಜೋಡಿಸುವುದು ಒಂದು ಕೆಲಸ, ಮುರಿದ ಬಾಗಿಲು ರಿಪೇರಿ ಇನ್ನೊಂದು. ಎರಡನ್ನೂ ಒಟ್ಟಿಗೆ ಹಿಡಿದರೆ, ಏನಾದರೂ ಕೆಟ್ಟಾಗ ಯಾವುದರಿಂದ ಕೆಟ್ಟಿತೆಂದು ತಿಳಿಯುವುದಿಲ್ಲ. ಶುಚಿ ಮುಗಿದ ಮೇಲೆ ಆ ತಪ್ಪನ್ನು ಬೇರೆಯಾಗಿ ತಿದ್ದಿದೆ.

ಕೊನೆಗೆ ಎಡಿಟರ್ ಮೊದಲಿಗಿಂತ ಚಿಕ್ಕದಾಗಿತ್ತು. ಅಕ್ಕನ ಮಗಳು ನೋಡಿ, "ಇಷ್ಟು ದಿನ ಕೂತು ಮಾಡಿದ್ರಿ, ಹೊಸದೇನೂ ಬಂದೇ ಇಲ್ವಲ್ಲ ಮಾವ!" ಎಂದಳು. ಅವಳು ಹೇಳಿದ್ದು ಸರಿ. ಹೊರಗಿನಿಂದ ನೋಡಿದರೆ ಏನೂ ಬದಲಾಗಿರಲಿಲ್ಲ. ಬದಲಾಗಬಾರದು ಕೂಡ.

ಲಾಭ ಕಂಡದ್ದು ಮರುದಿನ. ಆಟದಲ್ಲಿ ಹಣವಲ್ಲದೆ ನಾಣ್ಯಗಳೂ ಇವೆ. ಅವು ಎರಡು ಗೂಡುಗಳಲ್ಲಿ, ಹಣದ ಹಾಗೆಯೇ ಎರಡೆರಡು ಅಂಕಿಯಾಗಿ ಇರುತ್ತವೆ, ಹೆಚ್ಚೆಂದರೆ 9,999. ಅದನ್ನೂ ತಿದ್ದುವಂತಾಗಲಿ ಎಂದಳು. ಅಂಕಿಗಳನ್ನು ಓದುವ ಫಂಕ್ಷನ್ ಇತ್ತು, ಚೆಕ್‌ಸಮ್ ಫಂಕ್ಷನ್ ಇತ್ತು. ನಾಣ್ಯದ ಜಾಗ ಯಾವುದು, ಎಷ್ಟು ಗೂಡು ಎಂದು ಹೇಳಿದರೆ ಸಾಕಾಯಿತು. ನಾಲ್ಕನೆಯ ನಕಲು ಬರಲೇ ಇಲ್ಲ. ಈ ಸಲ ಬರೆದವಳೂ ಅವಳೇ. ಮೊದಲಿನ ಎಡಿಟರ್ ಅನ್ನು ನಾನೊಬ್ಬನೇ ಓದಬಲ್ಲವನಾಗಿದ್ದೆ. ಈಗಿನದನ್ನು ಅವಳೂ ಓದಬಲ್ಲಳು.

ನಿಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಸ್ಕ್ರ್ಯಾಚ್ ಇದ್ದರೆ ನೀವೂ ಇದನ್ನು ಮಾಡಬಹುದು. ಒಂದೇ ಬಗೆಯ ತುಂಡುಗಳ ಸಾಲನ್ನು ಎರಡು ಮೂರು ಕಡೆ ಜೋಡಿಸಿದ್ದೀರಾ? ‘ನನ್ನ ಬ್ಲಾಕ್‌ಗಳು’ ಎಂಬಲ್ಲಿ ಅದಕ್ಕೊಂದು ಹೆಸರಿಟ್ಟು ಒಂದೇ ಕಡೆ ಇಡಿ. ಮೊದಲು ನಿಮ್ಮ ಬೆಕ್ಕು ಹೇಗೆ ಕುಣಿಯುತ್ತಿತ್ತೋ ಆಮೇಲೂ ಹಾಗೆಯೇ ಕುಣಿಯಬೇಕು. ಅದೇ ನಿಮ್ಮ ಪರೀಕ್ಷೆ.

ಅಂದ ಹಾಗೆ, ಅಣ್ಣ ಯುಗಾದಿಗೆ ಬರುತ್ತಾನಂತೆ. ಅಜ್ಜ ಇನ್ನೂ ಬಯಲಿನಲ್ಲೇ ಇದ್ದಾರೆ, ಕ್ಷೇಮ.

ನೀವೂ ಮಾಡಿ ನೋಡಿ

1. ‘ಅಜ್ಜ’ನ ಐದು ಸಂಖ್ಯೆಗಳು 128, 137, 137, 128, 80. ಇವನ್ನು 255ರಿಂದ ಒಂದೊಂದಾಗಿ ಕಳೆಯಿರಿ. ಸೊನ್ನೆಗಿಂತ ಕಡಿಮೆಯಾದರೆ 256 ಕೂಡಿಸಿ ಮುಂದುವರಿಯಿರಿ. ನಿಮಗೆ 157 ಬಂದರೆ ಲೆಕ್ಕ ಸರಿ.

2. ಕೊನೆಯ 80 ಅನ್ನು ಬಿಟ್ಟು ಲೆಕ್ಕ ಮಾಡಿ. ಉತ್ತರ ಎಷ್ಟು ಹೆಚ್ಚಾಯಿತು? ನನ್ನ ತಪ್ಪು ನಡೆದದ್ದು ಹೀಗೆಯೇ.

3. ಎರಡನೆಯ ಮತ್ತು ಮೊದಲನೆಯ ಸಂಖ್ಯೆಗಳನ್ನು ಅದಲುಬದಲು ಮಾಡಿ, 137, 128, 137, 128, 80 ಎಂದು ಬರೆದು ಲೆಕ್ಕ ಹಾಕಿ. ಮತ್ತೆ 157 ಬರುತ್ತದೆ! ಅಂದರೆ ಈ ಕಾವಲುಗಾರನ ಕಣ್ಣಿಗೂ ಕಾಣದ ತಪ್ಪುಗಳಿವೆ. ಅಂಥ ತಪ್ಪನ್ನೂ ಹಿಡಿಯುವ ಲೆಕ್ಕವನ್ನು ನೀವು ರೂಪಿಸಬಲ್ಲಿರಾ? ಗೆಳೆಯರೊಂದಿಗೆ ಚರ್ಚಿಸಿ.